ಕಪ್ಪು ಬಟ್ಟೆಯ ಮೇಲಿನ ಏಳು ನಾಣ್ಯ

ಮಾರ್ಚ್ 3

ಉಪ್ಪೂ,

‘ಪ್ರೀತಿಯ ತಮ್ಮನಿಗೆ’ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಕಿರುಚುತ್ತೇನೆ, ನಾನು ಕಿರುಚಿದರೆ ನೀನು ನಗುತ್ತೀಯ, ನೀನು ನಕ್ಕರೆ ನಾನು ಫೋನನ್ನು ಗೋಡೆಗೆ ಎಸೆಯುತ್ತೇನೆ. ಅದಕ್ಕೇ ಈ ಕಾಗದ. ಪೂರ್ತಿ ಓದು. ಅರ್ಧಕ್ಕೆ ಮಡಚಿ ಜೇಬಿಗೆ ತುರುಕಬೇಡ.

ಮೊನ್ನೆ ಭಾನುವಾರ ನಮ್ಮ ನಾಣ್ಯ ಸಂಗ್ರಾಹಕರ ಸಂಘದ ಪ್ರದರ್ಶನವಿತ್ತು. ಇಷ್ಟು ವರ್ಷ ಮೂಲೆಯಲ್ಲಿ ನಿಂತು ಬೇರೆಯವರ ನಾಣ್ಯ ನೋಡಿ ಆಹಾ ಓಹೋ ಅಂದವಳಿಗೆ ಈ ಸಲ ನನ್ನದೇ ಒಂದು ಮೇಜು. ನಮ್ಮ ಕಾರ್ಯದರ್ಶಿ ಮೇಷ್ಟ್ರು ಗೊತ್ತಲ್ಲ, ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ನನಗೆ ನಾಣ್ಯದ ಅ ಆ ಇ ಈ ಕಲಿಸಿದವರು, ಅವರು “ಇನ್ನೊಂದು ವರ್ಷ ಹೋಗಲಿ ಬಿಡಿ ಅಮ್ಮಾ” ಅಂದರೂ ಹಠ ಹಿಡಿದು ಆ ಮೇಜು ಪಡೆದಿದ್ದೆ. ಹೊಸ ಗಾಜಿನ ಮುಚ್ಚಳ ನಾನೇ ಕತ್ತರಿಸಿ, ಅಂಚು ಉಜ್ಜಿ ಕೂರಿಸಿದ್ದೆ.

ಪ್ರತಿ ವರ್ಷ ಬಹುಮಾನ ತೀರ್ಮಾನಿಸುವವರು ಮೇಷ್ಟ್ರೇ. ಸದಸ್ಯರು ಗೊಣಗಿದರು ಅಂತ ಈ ಸಲ ಕೊನೇ ಗಳಿಗೆಯಲ್ಲಿ ವಸ್ತುಸಂಗ್ರಹಾಲಯದಿಂದ ಒಬ್ಬ ಪರೀಕ್ಷಕಿಯನ್ನು ಕರೆಸಿದ್ದರು. ಆಕೆ ನನ್ನ ಮೇಜಿನ ಮುಂದೆ ನಿಂತರು. ಮೂರು ಹಾಯಿಯ ಹಡಗಿನ ಬೆಳ್ಳಿ ನಾಣ್ಯ ಎತ್ತಿ, ಭೂತಗನ್ನಡಿ ಹಿಡಿದು, ಅಂಚನ್ನು ಬೆರಳಲ್ಲಿ ತಿರುಗಿಸಿದರು. ಚೀಲದಿಂದ ಒಂದು ಕಪ್ಪು ಬಟ್ಟೆ ತೆಗೆದು ಹಾಸಿ ಅದರ ಮೇಲಿಟ್ಟರು. ಆಮೇಲೆ ಕುದುರೆ ಸವಾರನದು. ಆಮೇಲೆ ಎಂಟು ಮೂಲೆಯದು. ನಾನು ದಡ್ಡಿ, ಬಹುಮಾನಕ್ಕೆ ಆರಿಸುತ್ತಿದ್ದಾರೆ ಅಂದುಕೊಂಡು ಸೆರಗು ಸರಿಮಾಡಿಕೊಂಡೆ!

“ಇವು ನಿಮಗೆ ಎಲ್ಲಿ ಸಿಕ್ಕವು?” ಅಂದರು.

“ನನ್ನ ತಮ್ಮ ಕಳಿಸಿದ್ದು. ಹಡಗಿನಲ್ಲಿ ಅಡುಗೆಯವನಾಗಿದ್ದ. ಬಂದರು ಬಂದರಲ್ಲೂ ಹುಡುಕಿ ತಂದದ್ದು.”

“ಏಳೂ ನಕಲಿ. ಎರಕ ಹೊಯ್ದದ್ದು. ಟಂಕಸಾಲೆಯಲ್ಲಿ ಒತ್ತಿದ್ದಲ್ಲ. ಅಂಚಿನ ಗೆರೆ ಅರದಿಂದ ಉಜ್ಜಿದ್ದಾರೆ, ಮೈ ಮೇಲೆ ಸಣ್ಣ ಸಣ್ಣ ಗುಳ್ಳೆ ಇವೆ, ನೋಡಿ.”

ನೋಡಿದೆ. ಇದ್ದವು. ನನ್ನ ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. “ಊರಿಗೆಲ್ಲ ಕನ್ನಡಕ ಮಾಡಿಕೊಡೋರು ಇವ್ರೇ ಅಲ್ವಾ?” ಅಂತ ಒಬ್ಬ. ನಾನು ಕನ್ನಡಕದ ಗಾಜು ಉಜ್ಜಿ ಬದುಕುವವಳು ಅಂತ ಆ ಸಭಾಂಗಣಕ್ಕೆಲ್ಲ ಗೊತ್ತು. ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ, “ಬಿಡಿ ಅಮ್ಮಾ, ಮನಸ್ಸಿಗೆ ಹಚ್ಕೋಬೇಡಿ. ದೂರದಲ್ಲಿರೋ ತಮ್ಮಂದಿರು ಹಾಗೇ, ಏನೋ ಒಂದು ಕಳಿಸಿ ಕೈ ತೊಳ್ಕೊಳ್ತಾರೆ” ಅಂದರು.

ನನ್ನ ಟ್ರೇಯಲ್ಲಿ ಉಳಿದದ್ದೆಲ್ಲ ಅಸಲಿ. ನಾನು ಸಂತೆ ಸಂದಿಯಲ್ಲಿ ಹುಡುಕಿದ ಸಾಮಾನ್ಯ ನಾಣ್ಯಗಳೆಲ್ಲ ಅಸಲಿ. ನೀನು ಕಳಿಸಿದ ಏಳು ಮಾತ್ರ ನಕಲಿ. ಇದಕ್ಕೆ ಏನು ಹೇಳುತ್ತೀಯ? ಚಿಕ್ಕಮ್ಮನಿಗೆ ಹೇಳಿಯಾಯಿತು. ದೊಡ್ಡಪ್ಪನ ಮನೆಗೂ ಹೇಳಿದೆ. ನಿನ್ನ ಬಣ್ಣ ಎಲ್ಲರಿಗೂ ಗೊತ್ತಾಗಲಿ.

ಅಕ್ಕ

*

ಮಾರ್ಚ್ 14

ಅಕ್ಕಾ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಎಲ್ಲಾದರೂ ಒಂದು ಕಡೆ ‘ಏನಾಯಿತು ಹೇಳು’ ಅಂತ ಕೇಳಿದ್ದೀಯಾ ಎಂದು ಹುಡುಕಿದೆ. ಇಲ್ಲ. ತೀರ್ಪು ಬರೆದು, ಚಿಕ್ಕಮ್ಮನ ಮನೆಯಲ್ಲಿ ಡಂಗುರ ಹೊಡೆದು, ಆಮೇಲೆ ನನಗೊಂದು ಪ್ರತಿ ಕಳಿಸಿದ್ದೀಯ.

ಚಿಕ್ಕಮ್ಮ ಫೋನ್ ಮಾಡಿದ್ದರು. “ಏನೋ ಉಪ್ಪು, ಒಡಹುಟ್ಟಿದವಳಿಗೇ ಟೋಪಿ ಹಾಕಿದ್ಯಂತಲ್ಲೋ” ಅಂದರು. ಫೋನ್ ಎತ್ತಿದ್ದು ನನ್ನ ಮಗಳು. ಆಮೇಲೆ ಅವಳು ನನ್ನ ಮುಖ ನೋಡಿ, “ಅಪ್ಪಾ, ಅತ್ತೆಗೆ ಏನು ಮಾಡಿದೆ?” ಅಂತ ಕೇಳಿದಳು. ನಾನು ಏನಂತ ಹೇಳಲಿ?

ಬೇರೆ ಹುಡುಗರು ಹಡಗು ದಡ ಮುಟ್ಟಿದರೆ ಕುಡಿಯಲು ಓಡುತ್ತಿದ್ದರು. ನಾನು ನಿನ್ನ ಹುಚ್ಚಿಗೆ ಹಳೇ ಸಾಮಾನಿನ ಅಂಗಡಿ ಹೊಕ್ಕು, ಭಾಷೆ ಬಾರದೆ ಕೈಸನ್ನೆ ಮಾಡಿ, ನಗೆಪಾಟಲಾಗಿ ತಂದವು ಅವು. ಕುದುರೆ ಸವಾರನನ್ನು ಒಬ್ಬ ಕ್ಷೌರಿಕನ ಹತ್ತಿರ ಪಡೆದದ್ದು, ಅವನ ಅಜ್ಜನದಂತೆ. ಕೊಡಲ್ಲ ಅಂತ ಕೂತಿದ್ದ. ಸತತವಾಗಿ ಅವನಲ್ಲಿಗೆ ಹೋಗಿ ಹೋಗಿ, ಮುಖಕ್ಷೌರ ಮಾಡಿಸಿಕೊಂಡು ಮಾಡಿಸಿಕೊಂಡು ನನ್ನ ಕೆನ್ನೆಯ ಚರ್ಮ ಕಿತ್ತು ಬಂದಿತ್ತು. ಹಡಗಿನವರು ನನ್ನನ್ನು ಮದುಮಗ ಅಂತ ರೇಗಿಸುತ್ತಿದ್ದರು.

ಕಾಲಿನ ಮಂಡಿ ಸವೆದು ಸಮುದ್ರ ಬಿಟ್ಟವನು ನಾನು. ಈಗ ಹಡಗು ರಿಪೇರಿಯವರ ಕ್ಯಾಂಟೀನಿನಲ್ಲಿ ದೊಡ್ಡ ದೊಡ್ಡ ಪಾತ್ರೆ ತಿರುವುತ್ತಿದ್ದೇನೆ. ಆದರೂ ನಿನಗೆ ಮೋಸ ಮಾಡುವಷ್ಟು ಕೆಳಗಿಳಿದಿಲ್ಲ. ಆ ಪರೀಕ್ಷಕಿಗೇ ಒಂದು ಕನ್ನಡಕ ಮಾಡಿಕೊಡು. ನನಗೆ ಇನ್ನು ಬರೆಯಬೇಡ.

ತಮ್ಮ

*

ಮಾರ್ಚ್ 22

ಉಪ್ಪೂ,

ಬರೆಯಬೇಡ ಅಂದರೆ ಸುಮ್ಮನಾಗಲು ನಾನೇನು ನಿನ್ನ ಕ್ಯಾಂಟೀನಿನ ಸಹಾಯಕಿಯಲ್ಲ.

ಪರೀಕ್ಷಕಿಯದೇ ತಪ್ಪಿರಬಹುದು ಅಂತ ನನಗೂ ಆಸೆಯಿತ್ತು. ರಜೆ ಹಾಕಿ, ಏಳನ್ನೂ ಹತ್ತಿಯಲ್ಲಿ ಸುತ್ತಿಕೊಂಡು ವಸ್ತುಸಂಗ್ರಹಾಲಯಕ್ಕೇ ಹೋದೆ. ಆಕೆ ಸಿಡುಕಲಿಲ್ಲ. ದೊಡ್ಡ ಯಂತ್ರದ ಕೆಳಗಿಟ್ಟು ನನಗೇ ತೋರಿಸಿದರು. ತೂಕವೂ ಕಡಿಮೆ. ಬೆಳ್ಳಿಯ ಹೊದಿಕೆ, ಒಳಗೆ ಬೇರೇನೋ.

ಹಡಗಿನ ನಾಣ್ಯದಲ್ಲಿ ಮಧ್ಯದ ಹಾಯಿಯ ಪಕ್ಕ ಅರ್ಧಚಂದ್ರದಂಥ ಒಂದು ಗೀರು ಇದೆಯಲ್ಲ, ಅದನ್ನು ತೋರಿಸಿ ಆಕೆ ಹೇಳಿದ್ದು ಕೇಳು. “ಈ ಗೀರು ಈ ನಾಣ್ಯದ ಮೇಲೆ ಬಿದ್ದದ್ದಲ್ಲ. ನಿಜವಾದ ಗೀರಾದರೆ ತಳ ನುಣುಪಾಗಿ ಹೊಳೀಬೇಕು. ಇದರ ತಳದಲ್ಲೂ ಗುಳ್ಳೆ ಇವೆ. ಅಂದ್ರೆ ಗೀರು ಇದ್ದದ್ದು ಅಸಲಿ ನಾಣ್ಯದ ಮೇಲೆ. ಅದನ್ನಿಟ್ಟು ಅಚ್ಚು ತೆಗೆದಿದ್ದಾರೆ, ಗೀರೂ ಅಚ್ಚಿಗೆ ಬಂದಿದೆ.”

ಅರ್ಥವಾಯಿತೇ? ಅಸಲಿ ನಾಣ್ಯ ನಿನ್ನ ಅಂಗಡಿಯವನ ಹತ್ತಿರವೇ ಇತ್ತು. ನಿನ್ನ ಕೈಗೆ ಅದರ ಪಡಿಯಚ್ಚು ತುರುಕಿದ. ಗೊತ್ತಿಲ್ಲದೆ ತಂದೆಯೋ, ಗೊತ್ತಿದ್ದೇ ತಂದೆಯೋ, ಅಷ್ಟು ಹೇಳು ಸಾಕು.

ಮನೆಯಲ್ಲಿ ಇದೇ ಮಾತಾಗಿ ಎಲ್ಲರ ನೆಮ್ಮದಿ ಹೋಗಿದೆ. ನಾಣ್ಯದ ಸುದ್ದಿ ಎತ್ತಿದರೆ ನಿನ್ನ ಭಾವ ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. “ಹೋಗ್ಲಿ ಬಿಡೇ, ಕಬ್ಬಿಣದ ಚೂರಿಗೆ ಇಷ್ಟು ರಂಪ ಯಾಕೆ” ಅನ್ನುತ್ತಾರೆ. ಆ ಕಪಾಟಿನ ಬೀಗಕ್ಕೆ ಇರುವುದು ಎರಡೇ ಕೀಲಿ, ಒಂದು ನನ್ನದು, ಒಂದು ಅವರದು. ಅಷ್ಟು ಜೋಪಾನ ಮಾಡಿದ್ದು ಯಾವುದನ್ನು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಅಕ್ಕ

*

ಏಪ್ರಿಲ್ 9

ಅಕ್ಕಾ,

ನೀನು ಹೇಳಿದ್ದೇ ಸರಿ. ತಪ್ಪು ನನ್ನದು. ಗೊತ್ತಿದ್ದೇ ತಂದೆ. ಒಂದು ಬಂದರಿನಲ್ಲಿ ನಕಲಿ ಮಾರುವವನೊಬ್ಬನಿದ್ದ, ಅವನ ಅಂಗಡಿಯಲ್ಲಿ ಏಳನ್ನೂ ಒಟ್ಟಿಗೇ ಕೊಂಡೆ. ನಿನಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ.

ಇನ್ನು ಇದನ್ನು ಇಲ್ಲಿಗೇ ಬಿಡು. ಆ ಏಳನ್ನೂ ಯಾವುದಾದರೂ ಚರಂಡಿಗೆ ಎಸೆ. ಯಾರನ್ನೂ ಏನೂ ಕೇಳಲು ಹೋಗಬೇಡ, ಮನೆಯೊಳಗೆ ಅಂತೂ ಕೇಳಲೇಬೇಡ. ಭಾವನಿಗೆ ಹೇಳು, ಉಪ್ಪು ತಪ್ಪು ಒಪ್ಪಿಕೊಂಡ ಅಂತ. ಅವರ ಜೊತೆ ಜಗಳವಾಡಬೇಡ.

ಚಿಕ್ಕಮ್ಮನಿಗೂ ನಾನೇ ಬರೆಯುತ್ತೇನೆ.

ತಮ್ಮ

*

ಏಪ್ರಿಲ್ 16

ಸುಳ್ಳ,

ನಿನಗೆ ಸುಳ್ಳು ಹೇಳಲಿಕ್ಕಾದರೂ ಬರುತ್ತದೆಯೇ? ಚಿಕ್ಕವನಿದ್ದಾಗಲೂ ಅಡುಗೆಮನೆಯ ಡಬ್ಬಿಯಿಂದ ಉಪ್ಪು ಕದ್ದು ನೆಕ್ಕಿ, ಬಾಯಿ ಸುತ್ತ ಬೆಳ್ಳಗೆ ಮೆತ್ತಿಕೊಂಡು “ನಾನಲ್ಲ” ಅನ್ನುತ್ತಿದ್ದೆ.

ಒಂದೇ ಅಂಗಡಿ! ಏಳೂ ಒಟ್ಟಿಗೆ! ಎಂಟು ಮೂಲೆಯದು ಬಂದದ್ದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಕುದುರೆ ಸವಾರ ಬಂದಾಗ ನಿನ್ನ ಮಗಳು ಹುಟ್ಟಿರಲಿಲ್ಲ. ಹಡಗಿನದು ಬಂದದ್ದು ಅಮ್ಮ ಹೋದ ವರ್ಷ. ನೀನು ಸಮುದ್ರದ ಮಧ್ಯೆ ಇದ್ದೆ, ಮಣ್ಣಿಗೆ ಬರಲು ಆಗಲಿಲ್ಲ. ಆ ಪೊಟ್ಟಣದಲ್ಲಿ ಒಂದು ಸಾಲೂ ಬರೆದಿರಲಿಲ್ಲ ನೀನು, ನಾಣ್ಯ ಮಾತ್ರ ಇತ್ತು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ್ದೆ. ಅದನ್ನೆಲ್ಲ ಮರೆತೆಯಾ?

ಮೊದಲ ಕಾಗದದಲ್ಲಿ ಕ್ಷೌರಿಕ, ಕೆನ್ನೆಯ ಚರ್ಮ. ಎರಡನೆಯದರಲ್ಲಿ ನಕಲಿ ಮಾರುವವನ ಅಂಗಡಿ. ಮೊದಲನೆಯದರಲ್ಲಿ ಬೆಂಕಿಯಂಥ ಸಿಟ್ಟಿತ್ತು. ಎರಡನೆಯದರಲ್ಲಿ ತಣ್ಣೀರು ಸುರಿದ ಒಲೆ. ಅಷ್ಟರೊಳಗೆ ಏನಾಯಿತು? ಯಾರನ್ನು ಮುಚ್ಚಿಡುತ್ತಿದ್ದೀಯ? ನಿನ್ನ ಹೆಂಡತಿಯ ಕಡೆಯವರು ಯಾರಾದರೂ ಇದರಲ್ಲಿದ್ದಾರಾ? ನಿಜ ಹೇಳದಿದ್ದರೆ ಮುಂದಿನ ಬಸ್ಸಿಗೆ ನಾನೇ ಬಂದು ನಿನ್ನ ಕ್ಯಾಂಟೀನಿನ ಮಧ್ಯೆ ನಿಂತು ಕೇಳುತ್ತೇನೆ. ಊಟಕ್ಕೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳಲಿ.

ಅಕ್ಕ

*

ಏಪ್ರಿಲ್ 24

ಅಕ್ಕಾ,

ಕೇಳಬೇಡ ಅಂದರೆ ಕೇಳುತ್ತೀಯ. ಸರಿ, ಕೇಳು. ಆಮೇಲೆ ನನ್ನನ್ನು ಬೈಯಬೇಡ.

ಹಡಗಿನ ನಾಣ್ಯದ ಆ ಗೀರು ಮಾಡಿದ್ದು ನಾನು. ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಒಂದು ಡಬ್ಬದ ಮುಚ್ಚಳ ಮೀಟುತ್ತಿದ್ದೆ. ಹಡಗು ಹೊಯ್ದಾಡಿತು, ಚಾಕು ಜಾರಿ ನೇರ ನಾಣ್ಯದ ಮೇಲೆ. ಬೈಯುತ್ತೀಯ ಅಂತ ಹೇಳಿರಲಿಲ್ಲ. ನೀನು ಅದನ್ನು ನೋಡಿ, ‘ಪಾಪ, ಯಾವ ಯುದ್ಧದಲ್ಲಿ ಬಿದ್ದ ಏಟೋ’ ಎಂದು ಬರೆದಿದ್ದೆ. ಹಡಗಿನವರಿಗೆಲ್ಲ ಓದಿ ಹೇಳಿ ನಕ್ಕಿದ್ದೆವು.

ಈಗ ನೀನೇ ಯೋಚಿಸು. ನನ್ನ ಚಾಕುವಿನ ಗೀರು ಬಿದ್ದ ನಾಣ್ಯವೇ ನಿನ್ನ ಕೈ ಸೇರಿದ್ದು. ಪರೀಕ್ಷಕಿ ನೋಡಿದ್ದು ಆ ಗೀರಿನ ಅಚ್ಚನ್ನು. ಎಂದ ಮೇಲೆ ಅಚ್ಚು ತೆಗೆದದ್ದು ನಾನು ಕಳಿಸಿದ ಮೇಲೆ. ನಿನ್ನ ಮನೆಗೆ ಬಂದ ಮೇಲೆ. ನಿನ್ನ ಕಪಾಟಿನೊಳಗಿಂದ ಅಸಲಿ ಹೊರಗೆ ಹೋಯಿತು, ನಕಲಿ ಒಳಗೆ ಬಂತು. ಬೀಗಕ್ಕೆ ಎರಡೇ ಕೀಲಿ ಅಂತ ನೀನೇ ಬರೆದೆ. ಸುದ್ದಿ ಎತ್ತಿದರೆ ಎದ್ದು ಹೋಗುವವರು ಯಾರು ಅಂತಲೂ ನೀನೇ ಬರೆದೆ.

ಆ ಸಾಲು ಓದಿದಾಗ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನನ್ನ ಮೇಲೆ ಬಂದ ಕೆಟ್ಟ ಹೆಸರು ನನ್ನ ಮೇಲೇ ಇರಲಿ ಅನ್ನಿಸಿತು. ನಾನು ದೂರದಲ್ಲಿರುವವನು, ನೀನು ನನ್ನ ಮುಖ ನೋಡದೆಯೂ ಬದುಕಬಹುದು. ಅವರ ಮುಖ ದಿನಾ ನೋಡಬೇಕು. ಅದಕ್ಕೇ ಒಪ್ಪಿಕೊಂಡೆ. ಈಗ ಹಠ ಹಿಡಿದು ಹೇಳಿಸಿದೆ. ಏನು ಮಾಡುತ್ತೀಯೋ ಮಾಡು.

ಉಪ್ಪು

*

ಮೇ 2

ತಮ್ಮಾ,

ನನ್ನ ಗಂಡನನ್ನು ಕಳ್ಳ ಅಂದುಕೊಂಡೆಯಾ? ಅದೂ ಒಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು? ದೊಡ್ಡ ತ್ಯಾಗಮಯಿಯ ಹಾಗೆ ಸುಳ್ಳು ಒಪ್ಪಿಕೊಂಡು ನನ್ನ ಸಂಸಾರ ಉಳಿಸಲು ಹೊರಟೆಯಾ? ನಿನ್ನನ್ನು ಯಾರು ಕೇಳಿದ್ದರು?

ಕಾಗದ ಓದಿದವಳೇ ಎದ್ದು ಹೋಗಿ ಅವರನ್ನು ನೇರ ಕೇಳಿದೆ. ಲಿಫ್ಟ್ ರಿಪೇರಿ ಮುಗಿಸಿ ಬಂದು ಬಚ್ಚಲಲ್ಲಿ ಕೈಗೆ ಹತ್ತಿದ ಗ್ರೀಸು ತೊಳೆಯುತ್ತಿದ್ದರು. “ನನ್ನ ನಾಣ್ಯ ನೀವು ತೆಗೆದಿರಾ?” ಅಂದೆ. ನಲ್ಲಿ ನಿಲ್ಲಿಸಲಿಲ್ಲ. ಸೋಪು ಹಾಗೇ ಇತ್ತು. ಕಣ್ಣಲ್ಲಿ ನೀರು.

“ನಾನೇ ಕಣೇ ಹಾಳು ಮಾಡಿದ್ದು,” ಅಂದರು.

ಕೇಳು. ಕಳೆದ ವರ್ಷ ನಾನು ಪಿತ್ತಕೋಶದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ಮೇಷ್ಟ್ರು ಮನೆಗೆ ಬಂದಿದ್ದರಂತೆ. “ಅಮ್ಮ ಬರೋಷ್ಟರಲ್ಲಿ ಅವರ ಒಳ್ಳೇ ನಾಣ್ಯಗಳನ್ನ ತೊಳೆದು ಹೊಸದರ ಹಾಗೆ ಮಾಡಿಕೊಡ್ತೀನಿ. ಅವರಿಗೆ ಹೇಳ್ಬೇಡಿ, ಖುಷಿಯಾಗ್ಲಿ” ಅಂದರಂತೆ. ಇವರು ತಮ್ಮ ಕೀಲಿಯಿಂದ ತೆಗೆದು ಏಳನ್ನೂ ಕೊಟ್ಟರು. ವಾರದ ಮೇಲೆ ವಾಪಸ್ ಬಂದವು. ಆಮೇಲೆ ನಾನೇ ಒಂದು ದಿನ ಮಾತಿನ ಮಧ್ಯೆ, ‘ಹಳೇ ನಾಣ್ಯ ತೊಳೆದರೆ ಹಾಳಾಗುತ್ತದೆ, ತೊಳೆಯುವವರ ಕೈ ಕತ್ತರಿಸಬೇಕು’ ಅಂದಿದ್ದೆ. ಇವರ ಜೀವ ಬಾಯಿಗೆ ಬಂದಿದೆ. ಪ್ರದರ್ಶನದಲ್ಲಿ ನಕಲಿ ಅಂದಾಗ, ತೊಳೆದದ್ದರಿಂದಲೇ ಅಸಲಿ ನಕಲಿಯಾಯಿತು ಅಂತ ತಿಳಿದಿದ್ದಾರೆ! ಮೂವತ್ತು ಮಹಡಿಯ ಲಿಫ್ಟನ್ನು ಬಿಚ್ಚಿ ಜೋಡಿಸುವ ಮನುಷ್ಯನಿಗೆ ಇಷ್ಟೂ ತಿಳಿಯದೇ? ನಗಬೇಕೋ ಚಚ್ಚಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಮಾಡಿದೆ.

ಮಾರನೆಯ ದಿನ ಆ ಹಡಗಿನ ನಕಲಿಯನ್ನು ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರೇ. ಎಂದಿನ ಹಾಗೆ ಒತ್ತಾಯ ಮಾಡಿ ಕೂರಿಸಿದರು. ನಾನು ಅದನ್ನು ಮೇಜಿನ ಮೇಲಿಟ್ಟು, “ಮೇಷ್ಟ್ರೇ, ಇದು ಮರಿ. ಇದರ ತಾಯಿ ಎಲ್ಲಿ?” ಅಂದೆ.

ಏನೂ ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಅದು ನಾನೇ ಮಾಡಿಕೊಟ್ಟ ಕನ್ನಡಕ. ನಾನು ಗೀರಿನ ವಿಷಯ ಹೇಳಿದೆ, ನನ್ನ ಮನೆಯವರು ಹೇಳಿದ್ದನ್ನೂ ಹೇಳಿದೆ. ಆಗ ಅವರ ಮುಖ ಬದಲಾಯಿತು. ನಾಚಿಕೆ ಬಂತು ಅಂದುಕೊಳ್ಳಬೇಡ. ಪಾಠ ಮಾಡುವವರ ಮುಖ ಬಂತು.

“ಅಮ್ಮಾ, ಆ ಹಡಗಿನ ನಾಣ್ಯ ಎಂಥದ್ದು ಅಂತ ನಿಮಗೆ ಗೊತ್ತಿತ್ತಾ? ಅದನ್ನ ಯಾವ ದೊರೆ, ಯಾವ ಕಾರಣಕ್ಕೆ ಟಂಕಿಸಿದ, ಹೇಳಿ ನೋಡೋಣ. ಗೊತ್ತಿಲ್ಲ. ತಮ್ಮ ಕಳಿಸಿದ ಅಂತ ನೀವು ಇಟ್ಕೊಂಡಿದ್ರಿ. ಅದು ನಾಣ್ಯ ಅಂತ ನಾನು ಇಟ್ಕೊಂಡೆ. ನಿಮಗೂ ಒಂದು ಕೊಟ್ಟೆನಲ್ಲ, ಒಂದು ವರ್ಷ ದಿನಾ ನೋಡಿದ್ರಿ, ಏನಾದ್ರೂ ಕಡಿಮೆ ಆಯ್ತಾ?”

“ನನ್ನ ತಮ್ಮ ಕಡಿಮೆಯಾದ” ಅಂದೆ.

ಅವರು ಕೈ ಮುಗಿದರು. ಇರುವಷ್ಟನ್ನು ವಾಪಸ್ ಕೊಡುತ್ತಾರಂತೆ. ಏಳರಲ್ಲಿ ಮೂರು ಆಗಲೇ ಬೇರೆಯವರ ಕೈಗೆ ಹೋಗಿವೆಯಂತೆ. ‘ಅಸಲಿ ಮನೆಯಲ್ಲೇ ಬೇರೆ ಡಬ್ಬಿಯಲ್ಲಿತ್ತು, ಅದಲುಬದಲಾಗಿತ್ತು’ ಎಂದು ಅದಕ್ಕೆ ಬದಲಾಗಿ ನಾನು ಸಂಘದಲ್ಲಿ ಹೇಳಬೇಕಂತೆ. “ವಯಸ್ಸಾಯ್ತು ಅಮ್ಮಾ, ಹೆಸರೊಂದೇ ಉಳಿದಿರೋದು” ಅಂದರು. ನಾನು ನಕಲಿಯನ್ನು ಎತ್ತಿಕೊಂಡು ಎದ್ದು ಬಂದೆ. ಇಷ್ಟು ವರ್ಷ ಅವರ ಮುಂದೆ ಕೈಕಟ್ಟಿ ನಿಂತು ಕಲಿತವಳು ನಾನು. ಕೆಲಸಕ್ಕೆ ಹೋಗಿ ಗಾಜು ಉಜ್ಜಲು ಕೂತವಳು ಮೂರು ಗಾಜು ಒಡೆದೆ.

ಏನು ಮಾಡಲಿ?

ಅಕ್ಕ

*

ಮೇ 10

ಅಕ್ಕಾ,

ನಾಲ್ಕು ಹಾಳೆ ಬರೆದಿದ್ದೀಯ. ಮೇಷ್ಟ್ರ ಕನ್ನಡಕ ಬಂತು, ಭಾವನ ಸೋಪು ಬಂತು, ಒಡೆದ ಗಾಜೂ ಬಂತು. ‘ತಪ್ಪಾಯಿತು ಉಪ್ಪೂ’ ಎಂಬ ಎರಡು ಪದ ಮಾತ್ರ ಬರಲಿಲ್ಲ. ನನ್ನ ಮೇಲೆಯೇ ರೇಗಾಡಿ ಕಾಗದ ಶುರು ಮಾಡಿದ್ದೀಯ.

ಭಾವನ ವಿಷಯದಲ್ಲಿ ನಾನು ಅಂದುಕೊಂಡದ್ದು ತಪ್ಪು. ಅದಕ್ಕೆ ಅವರ ಕಾಲು ಹಿಡಿಯುವುದು ನನ್ನ ಪಾಡು. ಆದರೆ ನನ್ನ ಸಿಟ್ಟು ಆ ಮೇಷ್ಟ್ರ ಮೇಲೆ ಇರುವುದಕ್ಕಿಂತ ನಿನ್ನ ಮೇಲೆ ಹೆಚ್ಚು. ಅವನು ಯಾರೋ. ಅವನು ನನ್ನ ನಾಣ್ಯ ಕದ್ದ, ಅಷ್ಟೆ. ನೀನು ಒಂದು ಮಾತು ಕೇಳದೆ ನನ್ನನ್ನು ಕಳ್ಳ ಮಾಡಿದೆ. ‘ದೂರದಲ್ಲಿರುವ ತಮ್ಮಂದಿರು ಹಾಗೇ’ ಅಂತ ಅವನು ಅಂದಾಗ ನಿನ್ನ ನಾಲಿಗೆ ಎಲ್ಲಿ ಹೋಗಿತ್ತು? ನನ್ನ ತಮ್ಮ ಅಂಥವನಲ್ಲ ಅನ್ನಲು ಎಷ್ಟು ಹೊತ್ತು ಬೇಕಿತ್ತು?

ನನ್ನ ಮಗಳು ಈಗಲೂ ಚಿಕ್ಕಮ್ಮನ ಮನೆಯ ಮದುವೆಗೆ ಬರಲ್ಲ ಅನ್ನುತ್ತಿದ್ದಾಳೆ. “ಎಲ್ಲರೂ ನಿನ್ನನ್ನೇ ನೋಡ್ತಾರೆ ಅಪ್ಪಾ” ಅನ್ನುತ್ತಾಳೆ.

ಏನು ಮಾಡಲಿ ಅಂತ ಕೇಳಿದ್ದೀಯ. ನಾಣ್ಯ ವಾಪಸ್ ತೆಗೆದುಕೊಂಡು ಬಾಯಿ ಮುಚ್ಚಿಕೊಳ್ಳಬೇಕಾದರೆ ಮುಚ್ಚಿಕೋ. ಅವು ನಿನ್ನವು, ನಿನ್ನಿಷ್ಟ. ಆದರೆ ಯಾರು ಯಾರ ಮುಂದೆ ನನ್ನ ಹೆಸರು ಕೆಡಿಸಿದೆಯೋ ಅವರೆಲ್ಲರ ಮುಂದೆ ನಿಂತು, ನಿನ್ನದೇ ಬಾಯಿಂದ, ಅದನ್ನು ತೊಳೆಯಬೇಕು. ಫೋನಿನಲ್ಲಲ್ಲ. ಎದುರು ನಿಂತು. ಅದಾಗುವವರೆಗೆ ನನಗೆ ಬರೆಯಬೇಡ. ಈ ಸಲ ನಿಜವಾಗಿ ಹೇಳುತ್ತಿದ್ದೇನೆ.

ತಮ್ಮ

*

ಜೂನ್ 6

ಪ್ರೀತಿಯ ತಮ್ಮನಿಗೆ,

ತಪ್ಪಾಯಿತು. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಎಲ್ಲೋ ಗಾಜಿನ ಚೂರಿನ ನಡುವೆ ಕಳೆದುಹೋಗುತ್ತದೆ.

ಮೊದಲು ಸಂಘಕ್ಕೆ ಹೋದೆ. ಸರ್ವಸದಸ್ಯರ ಸಭೆ. ನಾನು ಮಾತಾಡುತ್ತೇನೆ ಅಂದದ್ದಕ್ಕೆ ಅಧ್ಯಕ್ಷರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, “ಒಳಗೊಳಗೇ ಮುಗಿಸೋಣ, ಸಂಘದ ಮರ್ಯಾದೆ ಪ್ರಶ್ನೆ” ಅಂದರು. “ನನ್ನ ತಮ್ಮನ ಮರ್ಯಾದೆ ಹೋದಾಗ ನೀವೆಲ್ಲ ಎಲ್ಲರೆದುರೇ ನಿಂತು ನಕ್ಕಿರಿ, ಇದೂ ಎಲ್ಲರೆದುರೇ ಮುಗೀಲಿ” ಅಂದೆ. ಒಳಗೆ ಹೋಗಿ ಎಲ್ಲ ಹೇಳಿದೆ. ಗೀರು, ಆಸ್ಪತ್ರೆ, ನನ್ನ ಯಜಮಾನರು ಕೊಟ್ಟದ್ದು, ಮೇಷ್ಟ್ರು ಒಪ್ಪಿಕೊಂಡದ್ದು. ಪರೀಕ್ಷಕಿಯೂ ಬಂದಿದ್ದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಮುಗಿಸಿದಾಗ ಎದ್ದು, “ಈಕೆಗೆ ಆರೋಗ್ಯ ಸರಿಯಿಲ್ಲ” ಅಂದರು. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು, “ಮೇಷ್ಟ್ರೇ, ನನ್ನವನ್ನೂ ತೊಳೆದುಕೊಟ್ಟಿದ್ದಿರಲ್ಲ” ಅಂದ. ಅವನ ಪಕ್ಕದವಳೂ ಎದ್ದಳು. ಸಭೆ ಅಲ್ಲಿಗೇ ಮುಗಿಯಿತು.

ಪೊಲೀಸರಿಗೆ ದೂರು ಕೊಟ್ಟೆ. ಮೇಷ್ಟ್ರ ಮನೆಯಲ್ಲಿ ನಮ್ಮ ನಾಲ್ಕು ಸಿಕ್ಕವು. ಹಡಗಿನದು ಇದೆ. ಮುಟ್ಟಲು ಬಿಡಲಿಲ್ಲ, ಪ್ಲಾಸ್ಟಿಕ್ ಚೀಲದಾಚೆಯಿಂದ ನೋಡಿದೆ. ನಿನ್ನ ಚಾಕುವಿನ ಗೀರು ಹೊಳೆಯುತ್ತಿತ್ತು. ಈಗ ಅವೆಲ್ಲ ಸಾಕ್ಷಿಯಂತೆ. ಕೋರ್ಟು ಮುಗಿಯುವವರೆಗೆ ಅಸಲಿಯೂ ನನ್ನದಲ್ಲ, ನಕಲಿಯೂ ನನ್ನದಲ್ಲ. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಮೊಹರು ಮಾಡಿದರು. ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕು ಈ ಹೊತ್ತಿಗೆ ಕಪಾಟಿನಲ್ಲಿರುತ್ತಿದ್ದವು, ಅದೂ ನಿಜ. ಸಂಘದ ಕೆಲವರು ನಾನು ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಆಮೇಲೆ ಮನೆ ಮನೆಗೆ ಹೋದೆ. ದೊಡ್ಡಪ್ಪನಿಗೆ ಕಿವಿ ಕೇಳಿಸುವುದಿಲ್ಲ, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು, “ಉಪ್ಪು ಕಳ್ಳ ಅಲ್ಲ ದೊಡ್ಡಪ್ಪಾ, ನಾನು ಮೂರ್ಖಳು!” ಪಕ್ಕದ ಮನೆಯವರು ಕಿಟಕಿ ತೆಗೆದರು. ಚಿಕ್ಕಮ್ಮನ ಮನೆಯಲ್ಲಿ ಮದುವೆಯ ಕೆಲಸಕ್ಕೆ ಎಲ್ಲ ಸೇರಿದ್ದರು. ಅದೇ ಒಳ್ಳೆಯದಾಯಿತು, ಒಂದೇ ಸಲ ಹೇಳಿದೆ. ಹೇಳುವಾಗ ಗೊತ್ತಾಯಿತು, ದೂರುವುದು ಎಷ್ಟು ಸಲೀಸಾಗಿ ಬಂದಿತ್ತು ಅಂತ. ನಿನ್ನ ಮಗಳಿಗೆ ಬೇರೆ ಕಾಗದ ಇದರ ಜೊತೆ ಇಟ್ಟಿದ್ದೇನೆ. ಅದು ಅವಳಿಗೆ, ನೀನು ಬಿಚ್ಚಬೇಡ.

ಮೇಷ್ಟ್ರು ಅಂದದ್ದು ಇನ್ನೂ ಚುಚ್ಚುತ್ತದೆ. ನಾಣ್ಯ ಯಾವ ದೊರೆಯದೋ ನನಗೆ ಗೊತ್ತಿರಲಿಲ್ಲ, ನಿಜ. ಒಂದು ವರ್ಷ ನಕಲಿಯನ್ನು ಸವರಿಕೊಂಡು ಕೂತೆ. ನೀನು ಕಳಿಸಿದ್ದು ಎಂಬುದೊಂದೇ ನನಗೆ ಗೊತ್ತಿದ್ದದ್ದು. ಯಾರೋ ‘ನಕಲಿ’ ಅಂದ ತಕ್ಷಣ ಅದನ್ನೂ ಕೈಬಿಟ್ಟೆ. ನಿನಗೆ ಸಿಟ್ಟು ಬರುವುದು ನ್ಯಾಯ. ಬರಲಿ. ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ.

ಅಕ್ಕ

*

ಜೂನ್ 15

ಅಕ್ಕಾ,

ಚಿಕ್ಕಮ್ಮ ಫೋನ್ ಮಾಡಿದ್ದರು. “ನಾನು ಮೊದಲಿಂದ್ಲೂ ನಂಬಿರಲಿಲ್ಲ ಕಣೋ ಉಪ್ಪು” ಅಂದರು. ಫೋನ್ ಇಟ್ಟ ಮೇಲೆ ಒಂದು ಮೂಟೆ ಈರುಳ್ಳಿ ಹೆಚ್ಚಿದೆ. ಕ್ಯಾಂಟೀನಿನವರು ಇಷ್ಟೊಂದು ಯಾಕೆ ಅಂತ ಕೇಳಿದರು. ಇವತ್ತು ಎಲ್ಲದಕ್ಕೂ ಈರುಳ್ಳಿ ಅಂದೆ.

ಮಗಳು ನಿನ್ನ ಕಾಗದ ಓದಿದಳು. ಏನಿದೆ ಅಂತ ನನಗೆ ಹೇಳಲಿಲ್ಲ. ಮದುವೆಗೆ ಯಾವ ಬಟ್ಟೆ ಹಾಕಿಕೊಳ್ಳಲಿ ಅಂತ ಮಾತ್ರ ಕೇಳಿದಳು.

ಕೋರ್ಟಿನಲ್ಲಿರುವ ನಾಣ್ಯಕ್ಕಾಗಿ ಕೊರಗಬೇಡ. ಬಂದರೆ ಬಂತು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದಿದೆ ಅಂತ ಬರೆದರೆ ನೀನೇ ಸುಳ್ಳ ಅನ್ನುತ್ತೀಯ. ಆದರೆ ಕಾಗದದ ಮೇಲೆ ಸಿಟ್ಟು ಮಾಡಿ ಸಾಕಾಯಿತು. ನಾನು ಬರೆಯುವುದು ಒಂದು, ಅದು ನಿನ್ನನ್ನು ಮುಟ್ಟುವ ಹೊತ್ತಿಗೆ ಇನ್ನೊಂದು. ಮದುವೆಗೆ ಎರಡು ದಿನ ಮೊದಲೇ ನಿಮ್ಮ ಮನೆಗೆ ಬರುತ್ತೇನೆ. ಎದುರುಬದುರು ಕೂತು, ಬಾಯಿ ತುಂಬಾ ಜಗಳ ಆಡೋಣ. ನೀನು ಕಿರುಚು. ನಾನು ನಗುವುದಿಲ್ಲ.

ಒಂದೇ ಮಾತು. ಬಾಗಿಲು ನೀನೇ ತೆಗೆ. ಭಾವನನ್ನು ಕಳಿಸಬೇಡ. ನೀನು ನನ್ನನ್ನು ಕಳ್ಳ ಅಂದದ್ದನ್ನು ಹತ್ತು ಜನರ ಮುಂದೆ ಕೂಗಿ ತೊಳೆದೆ. ನಾನು ಅವರನ್ನು ಕಳ್ಳ ಅಂದದ್ದು ನಿನಗೊಬ್ಬಳಿಗೇ ಗೊತ್ತಿದೆಯೋ, ಅವರಿಗೂ ಹೇಳಿದ್ದೀಯೋ ತಿಳಿಯದು. ಹೇಳಿರದಿದ್ದರೆ ಹೇಳಬೇಡ. ಅದನ್ನು ನಾನೇ ಹೇಳುತ್ತೇನೆ. ಹೇಗೆ ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ. ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ನನ್ನ ಜೊತೆ ನಿಂತಿರು.

ಉಪ್ಪು